ತಾನು ತಿನ್ನಲಿಲ್ಲ, ತಿನ್ನೋರನ್ನು ನೋಡಲಿಲ್ಲ



"ಮನುಷ್ಯ ಒಳ್ಳೆಯವನೇ, ಸುತ್ತ ಇರೋರು ಸರಿ ಇಲ್ಲ." ಎಷ್ಟು ನಾಯಕರ ಬಗ್ಗೆ ಈ ಮಾತು ಕೇಳಿದ್ದೀವಿ, ಅಲ್ವಾ? ಇವತ್ತು ಅಂಥ ಒಬ್ಬನ ಕಥೆ. ಅಮೆರಿಕದ 50 ಡಾಲರ್ ನೋಟಿನ ಮೇಲೆ ಇವತ್ತಿಗೂ ಅವನ ಮುಖವಿದೆ. ಹೆಸರು ಯುಲಿಸಿಸ್ ಗ್ರಾಂಟ್.

1854ರಲ್ಲಿ ಸೈನ್ಯ ಬಿಟ್ಟು ಬಂದ ಗ್ರಾಂಟ್ ಬೇಸಾಯ ಮಾಡಿ ಸೋತ. ಸೇಂಟ್ ಲೂಯಿಸ್‌ನ ಬೀದಿಗಳಲ್ಲಿ ಸೌದೆ ಮಾರಿದ. ಅಂಥ ಬಡತನದಲ್ಲೂ, 1859ರಲ್ಲಿ, ತನ್ನ ಒಡೆತನದಲ್ಲಿದ್ದ ವಿಲಿಯಂ ಜೋನ್ಸ್ ಎಂಬ ಗುಲಾಮನನ್ನು ಮಾರಲಿಲ್ಲ. ಬಿಡುಗಡೆ ಪತ್ರ ಬರೆದುಕೊಟ್ಟ. ಮಾರಿದ್ದರೆ ಒಳ್ಳೇ ದುಡ್ಡು ಬರುತ್ತಿತ್ತು!

ಎರಡು ವರ್ಷದಲ್ಲಿ ಅಂತರ್ಯುದ್ಧ ಶುರುವಾಯ್ತು. ಸೌದೆ ಮಾರಿದವನು ಸೇನಾಧಿಪತಿಯಾದ. 1865ರ ಏಪ್ರಿಲ್ 9ರಂದು ದಕ್ಷಿಣದ ಜನರಲ್ ಲೀ ಅವನಿಗೆ ಶರಣಾದ. ಆಗ ಗ್ರಾಂಟ್ ಮಾಡಿದ್ದೇನು? ಸೋತ ಸೈನಿಕರ ಹಸಿವಿಗೆ ಊಟ ಕಳಿಸಿದ. ನಿಮ್ಮ ಕುದುರೆ ನೀವೇ ಇಟ್ಕೊಳ್ಳಿ, ಉಳುಮೆಗೆ ಬೇಕಾಗುತ್ತೆ ಎಂದ.

1869ರಲ್ಲಿ ಅಧ್ಯಕ್ಷನಾದ. ಕಪ್ಪು ಜನರನ್ನು ಕೊಲ್ಲುತ್ತಿದ್ದ ಕು ಕ್ಲಕ್ಸ್ ಕ್ಲಾನ್ ವಿರುದ್ಧ 1871ರಲ್ಲಿ ಕಾನೂನು ತಂದು, ಸೈನ್ಯವನ್ನೇ ಇಳಿಸಿದ. ಗಟ್ಟಿ ಗುಂಡಿಗೆ, ಒಪ್ಪೋಣ.

ಆದರೆ ನೋಡಿ, 1875ರಲ್ಲಿ ವಿಸ್ಕಿ ಹಗರಣ ಹೊರಗೆ ಬಂತು. ವಿಸ್ಕಿ ತಯಾರಕರೂ ತೆರಿಗೆ ಅಧಿಕಾರಿಗಳೂ ಸೇರಿ ಸರ್ಕಾರದ ತೆರಿಗೆಯನ್ನೇ ನುಂಗಿದ್ದರು. ತಪ್ಪಿತಸ್ಥ ಯಾರೇ ಆಗಲಿ, ಬಿಡಬೇಡಿ ಎಂದು ಗ್ರಾಂಟ್ ಬರೆದ. ತನಿಖೆ ಅವನ ಸ್ವಂತ ಕಾರ್ಯದರ್ಶಿ ಬ್ಯಾಬ್‌ಕಾಕ್ ಬಾಗಿಲಿಗೇ ಬಂತು. ಆಗ? ಅಧ್ಯಕ್ಷನೇ ಅವನ ಪರವಾಗಿ ಸಾಕ್ಷಿ ಹೇಳಿಕೆ ಕೊಟ್ಟ! ಬ್ಯಾಬ್‌ಕಾಕ್ ಖುಲಾಸೆಯಾದ. 1876ರಲ್ಲಿ ಯುದ್ಧಮಂತ್ರಿ ಬೆಲ್‌ನಾಪ್ ಲಂಚದ ಆರೋಪ ಹೊತ್ತು ರಾಜೀನಾಮೆ ಕೊಟ್ಟ.

ಗ್ರಾಂಟ್ ಪಾಠ ಕಲಿತನಾ? ಇಲ್ಲ. ನಿವೃತ್ತಿಯ ನಂತರ ಮಗನ ಪಾಲುದಾರ ಫರ್ಡಿನೆಂಡ್ ವಾರ್ಡ್‌ನನ್ನು ನಂಬಿ ಹಣ ಹಾಕಿದ. 1884ರಲ್ಲಿ ಎಲ್ಲವೂ ಮುಳುಗಿತು. ಅದೇ ವರ್ಷ ಗಂಟಲು ಕ್ಯಾನ್ಸರ್. ಹೆಂಡತಿ ಬೀದಿಗೆ ಬೀಳಬಾರದು ಅಂತ ನೋವು ನುಂಗಿಕೊಂಡು ಆತ್ಮಕಥೆ ಬರೆದ. ಮುಗಿಸಿದ ಕೆಲವೇ ದಿನಕ್ಕೆ, 1885ರ ಜುಲೈ 23ರಂದು ಕಣ್ಣು ಮುಚ್ಚಿದ. ಮಾರ್ಕ್ ಟ್ವೇನ್ ಅವರ ಪ್ರಕಾಶನದಿಂದ ಬಂದ ಆ ಪುಸ್ತಕ ಹೆಂಡತಿ ಜೂಲಿಯಾಗೆ ಸುಮಾರು ನಾಲ್ಕೂವರೆ ಲಕ್ಷ ಡಾಲರ್ ತಂದುಕೊಟ್ಟಿತು.

ಸ್ವಂತ ದುಡ್ಡು ಹೋದಾಗ ಆತನೇ ದುಡಿದು ತುಂಬಿಸಿದ. ದೊಡ್ಡತನ. ಆದರೆ ಅಧಿಕಾರದಲ್ಲಿದ್ದವನು ಅಯೋಗ್ಯರನ್ನು ನಂಬಿದರೆ ಅದರ ಬೆಲೆ ತೆರೋದು ಆತನಲ್ಲ, ತೆರಿಗೆ ಕಟ್ಟೋ ಜನ. ನಮ್ಮ ನಾಯಕರು ಒಂದು ರೂಪಾಯಿ ಮುಟ್ಟಿಲ್ಲ ಅಂತ ಯಾರಾದರೂ ಹೇಳಿದರೆ, ಬಹಳ ಸಂತೋಷ ಅನ್ನಿ. ಆಮೇಲೆ ಪಕ್ಕದಲ್ಲಿ ಕೂತಿರೋರ ಲೆಕ್ಕ ಕೇಳಿ.