ಶಿಲುಬೆಯ ಬಳಿ ನಿಂತ ತಾಯಿ
(ವ್ಯಾಕುಲ ಮಾತೆಯ ಹಬ್ಬದ ಪ್ರಬೋಧನೆ, ಸೆಪ್ಟೆಂಬರ್ 15)



ನಿನ್ನೆ ಪವಿತ್ರ ಶಿಲುಬೆಯ ಹಬ್ಬವನ್ನು ಆಚರಿಸಿದೆವು. ಇಂದು ಅದರ ಬುಡದಲ್ಲಿ ನಿಂತ ತಾಯಿಯನ್ನು ನೆನೆಯುತ್ತೇವೆ. ಅಂದು ಮಾತೆ ಮರಿಯಮ್ಮನವರು ಒಂಟಿಯಾಗಿರಲಿಲ್ಲ. ಜೊತೆಯಲ್ಲಿ ಬೇರೆ ಹೆಂಗಸರಿದ್ದರೆಂದು ಸಂತ ಯೊವಾನ್ನರು ಮರೆಯದೆ ಬರೆದಿದ್ದಾರೆ. ಯೇಸುಸ್ವಾಮಿ ತಮ್ಮ ಸಂಕಟದ ನಡುವೆಯೂ ತಾಯಿಯನ್ನು ಆಪ್ತ ಶಿಷ್ಯರಿಗೆ ಒಪ್ಪಿಸಿದರು. ಅವರು ಆಕೆಯನ್ನು ತಮ್ಮ ಮನೆಗೆ ಕರೆದೊಯ್ದರು.

ಚಾಮರಾಜಪೇಟೆ, ಮಲ್ಲೇಶ್ವರದ ನಮ್ಮ ಮನೆಗಳಲ್ಲಿ ನಾವು ಮಾಡುವುದೇನು? ಬಾಣಂತಿಯೊಬ್ಬಳು ಮಗುವನ್ನು ಎತ್ತಿಕೊಳ್ಳದೆ ಗೋಡೆ ನೋಡುತ್ತಾ ಕುಳಿತರೆ "ದೃಷ್ಟಿ ತಾಗಿದೆ" ಎನ್ನುತ್ತೇವೆ. ಮಕ್ಕಳ ಮದುವೆ ಮುಗಿಸಿದ ತಾಯಿ ನಿದ್ದೆಯಿಲ್ಲದೆ ಅತ್ತರೆ "ಇನ್ನೊಂದು ಜಪಸರ ಮಾಡಮ್ಮ, ವಿಶ್ವಾಸ ಸಾಲದು" ಎನ್ನುತ್ತೇವೆ. ಗುರುಗಳಾದ ನಾವೂ ಹಾಗೆಂದು ಕಳುಹಿಸಿದ್ದುಂಟು. ಅದು ನಮ್ಮ ತಪ್ಪು. ಖಿನ್ನತೆ ಒಂದು ಕಾಯಿಲೆ, ವಿಶ್ವಾಸದ ಕೊರತೆಯಲ್ಲ. ಪ್ರವಾದಿ ಎಲೀಯರು ಸಾವನ್ನು ಬೇಡಿ ಗಿಡದಡಿ ಮಲಗಿದಾಗ ದೇವದೂತನು ಗದರಲಿಲ್ಲ. ರೊಟ್ಟಿ, ನೀರು ಕೊಟ್ಟು ಮತ್ತೆ ಮಲಗಲು ಬಿಟ್ಟನು.

ಎರಡು ವಾರವಾದರೂ ಮಂಕು ಕಳೆಯದಿದ್ದರೆ, ಊಟ ನಿದ್ದೆ ಕೆಟ್ಟಿದ್ದರೆ ವೈದ್ಯರ ಬಳಿ ಹೋಗಲೇಬೇಕು. ಹೊಸೂರು ರಸ್ತೆಯ ನಿಮ್ಹಾನ್ಸ್ ನಮಗೇನೂ ದೂರವಲ್ಲ. 1974ರಿಂದ ಆ ಹೆಸರಿದ್ದರೂ ಅನೇಕರ ಬಾಯಲ್ಲಿ ಅದಿನ್ನೂ 'ಹುಚ್ಚಾಸ್ಪತ್ರೆ'. ಆ ಒಂದು ಮಾತಿಗೆ ಹೆದರಿ ಎಷ್ಟು ಹೆಣ್ಣುಮಕ್ಕಳು ಬಾಗಿಲು ಹಾಕಿಕೊಂಡು ಕುಳಿತಿದ್ದಾರೋ! ಸಾಯಬೇಕೆಂಬ ಮಾತು ಬಂದರಂತೂ ಆಕೆಯನ್ನು ಒಂಟಿಯಾಗಿ ಬಿಡಬೇಡಿ. 2022ರಲ್ಲಿ ಆರಂಭವಾದ ಟೆಲಿ ಮಾನಸ್‌ನ 14416 ಸಂಖ್ಯೆಗೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆಮಾಡಿ ಕನ್ನಡದಲ್ಲೇ ಮಾತನಾಡಬಹುದು.

ಇಂದು ಪೂಜೆ ಮುಗಿದ ಮೇಲೆ, ಕೆಲವು ವಾರಗಳಿಂದ ದೇವಾಲಯಕ್ಕೆ ಬಾರದ ಅಕ್ಕನ ಮನೆಗೆ ಹೋಗೋಣ. ಆಕೆಯ ಅಡಿಗೆಮನೆಯಲ್ಲಿ ನಾವೇ ಕಾಫಿ ಮಾಡಿ ಕೊಡೋಣ. ಬೈಬಲ್ ವಾಕ್ಯ ಆಮೇಲೆ.