ದೂರದ ಅಳತೆ, ಪಯಣದ ಹೊತ್ತು



ನಮ್ಮ ಹಿರಿಯರು ದೂರವನ್ನು ಹರಿದಾರಿಗಳಲ್ಲಿ ಎಣಿಸುತ್ತಿದ್ದರು. ನಾಗಮಂಗಲದಿಂದ ಶ್ರೀರಂಗಪಟ್ಟಣಕ್ಕೆ ಎಷ್ಟು ಹರಿದಾರಿಯೆಂದು ತಿಳಿದರೆ, ಎಷ್ಟು ಹೊತ್ತಿನ ಬುತ್ತಿ ಕಟ್ಟಬೇಕೆಂಬುದೂ ತಿಳಿದಂತೆಯೇ ಆಗುತ್ತಿತ್ತು. ವಿಮಾನಯಾನದಲ್ಲಿ ಈ ಲೆಕ್ಕವು ಅಷ್ಟು ಸುಲಭವಲ್ಲ.

ಮೊದಲು ನಮ್ಮ ಸೀಮೆಯದೇ ಒಂದು ನಿದರ್ಶನವನ್ನು ನೋಡೋಣ. ಪಾಂಡವಪುರಕ್ಕೆ ಹಿಂದೆ ಫ್ರೆಂಚ್ ರಾಕ್ಸ್ ಎಂಬ ಹೆಸರಿದ್ದಿತು. ಹೈದರನ ಮತ್ತು ಟಿಪ್ಪುವಿನ ಸೇವೆಯಲ್ಲಿದ್ದ ಫ್ರೆಂಚ್ ಸೈನಿಕರು ಅಲ್ಲಿ ಬೀಡುಬಿಟ್ಟಿದ್ದುದೇ ಅದಕ್ಕೆ ಕಾರಣ. ಟಿಪ್ಪು ಸುಲ್ತಾನನ ರಾಯಭಾರಿಗಳು 1787ನೆಯ ಜುಲೈ ತಿಂಗಳಲ್ಲಿ ಪಾಂಡಿಚೇರಿಯಲ್ಲಿ ಹಡಗನ್ನೇರಿ, ಆಫ್ರಿಕ ಖಂಡವನ್ನು ಬಳಸಿಕೊಂಡು, 1788ನೆಯ ಜೂನ್ ತಿಂಗಳಲ್ಲಿ ಫ್ರಾನ್ಸಿನ ತೂಲೋನ್ ರೇವನ್ನು ಮುಟ್ಟಿದರು. ಸುಮಾರು ಹನ್ನೊಂದು ತಿಂಗಳ ಪಯಣವದು. ಇಂದು ಬೆಂಗಳೂರಿನಿಂದ ಪ್ಯಾರಿಸ್ಸಿಗೆ ಆಕಾಶಮಾರ್ಗವಾಗಿ ಸುಮಾರು 7,800 ಕಿಲೋಮೀಟರು. ನೇರ ವಿಮಾನಕ್ಕೆ ಹತ್ತು ಹನ್ನೊಂದು ಗಂಟೆ ಸಾಕು.

ಇನ್ನೂ ದೂರದ ಊರು ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ. ಗೋಡೆಯ ಭೂಪಟವನ್ನು ನೋಡಿದವರು, ಅಲ್ಲಿಗೆ ಅರಬ್ಬೀ ಸಮುದ್ರವನ್ನೂ ಅಟ್ಲಾಂಟಿಕ್ ಸಾಗರವನ್ನೂ ದಾಟಿ ಹೋಗುವುದೇ ನೇರವಾದ ದಾರಿಯೆಂದು ಭಾವಿಸುವರು. ಆದರೆ ಭೂಗೋಲದ ಮೇಲೆ ಎರಡು ಊರುಗಳಿಗೂ ಒಂದು ದಾರವನ್ನು ಬಿಗಿಯಾಗಿ ಹಿಡಿದು ನೋಡಿರಿ. ಅದು ಉತ್ತರ ಧ್ರುವದ ಸಮೀಪದಲ್ಲಿ ಹಾದುಹೋಗುವುದು. ಅದೇ ಅತ್ಯಂತ ಹತ್ತಿರದ ದಾರಿ. ಉದ್ದ ಸುಮಾರು 14,000 ಕಿಲೋಮೀಟರು. 2021ನೆಯ ಜನವರಿಯಲ್ಲಿ ಏರ್ ಇಂಡಿಯಾದ ವಿಮಾನವೊಂದನ್ನು ಮಹಿಳೆಯರೇ ನಡೆಸಿ, ಈ ಧ್ರುವಮಾರ್ಗವಾಗಿ ಬೆಂಗಳೂರಿಗೆ ತಂದರು. ಕ್ಯಾಪ್ಟನ್ ಜೋಯಾ ಅಗರ್‌ವಾಲ್ ಅವರು ಅದರ ಮುಖ್ಯ ಚಾಲಕಿ. ಪಯಣಕ್ಕೆ ಹಿಡಿದ ಹೊತ್ತು ಸುಮಾರು ಹದಿನೇಳು ಗಂಟೆ.

ಆ ವಿಮಾನವು 9ನೆಯ ತಾರೀಖಿನ ರಾತ್ರಿ ಹೊರಟು 11ರ ಬೆಳಗಿನ ಜಾವಕ್ಕೆ ಇಳಿಯಿತು. ಹದಿನೇಳು ಗಂಟೆಯಲ್ಲಿ ಎರಡು ತಾರೀಖು ಉರುಳಿದುದು ಹೇಗೆ? ಚಳಿಗಾಲದಲ್ಲಿ ನಮ್ಮ ಗಡಿಯಾರವು ಅಲ್ಲಿಯದಕ್ಕಿಂತ ಹದಿಮೂರೂವರೆ ಗಂಟೆ ಮುಂದಿರುವುದು. ಅವರ 9ರ ರಾತ್ರಿಯು ನಮಗೆ 10ರ ಬೆಳಗು. ಆದುದರಿಂದ ತಾರೀಖುಗಳನ್ನು ಕಳೆದು ಪಯಣದ ಹೊತ್ತನ್ನು ಎಣಿಸಬಾರದು.

ಈ ಲೆಕ್ಕವು ಕೇವಲ ಕುತೂಹಲದ್ದಲ್ಲ. ಕೃಷ್ಣರಾಜಪೇಟೆಯ ಕಡೆಯ ಹಳ್ಳಿಯೊಂದರಲ್ಲಿ ತಂದೆಯು ಹಾಸಿಗೆ ಹಿಡಿದಿರುವನೆನ್ನಿ, ಮಗನು ಅಮೆರಿಕದಲ್ಲಿರುವನು. “ಹದಿನೇಳು ಗಂಟೆಯ ದಾರಿಯಲ್ಲವೇ, ನಾಳೆಗೆ ಬಂದಾನು” ಎಂದು ನೆಂಟರು ಹೇಳುವರು. ಟಿಕೇಟು ದೊರೆಯಬೇಕು, ಮೂರು ಗಂಟೆ ಮುಂಚಿತವಾಗಿ ನಿಲ್ದಾಣಕ್ಕೆ ಹೋಗಬೇಕು, ನೇರ ವಿಮಾನವಿಲ್ಲದಿದ್ದರೆ ನಡುವೆ ಇನ್ನೊಂದಕ್ಕೆ ಕಾಯಬೇಕು, ದೇವನಹಳ್ಳಿಯಲ್ಲಿ ಇಳಿದ ಮೇಲೆ ಹಳ್ಳಿಯವರೆಗೆ ಮತ್ತೆ ಮೂರು ನಾಲ್ಕು ಗಂಟೆಯ ರಸ್ತೆ. ಎಲ್ಲವನ್ನೂ ಕೂಡಿದರೆ ಎರಡು ದಿನಗಳಾದರೂ ಆದಾವು. ಬೆಂಕಿಯಿಡಲು ಮಗನಿಗಾಗಿ ಅಂಗಳದಲ್ಲಿ ಕಾಯುವವರಿಗೆ ಆ ಎರಡು ದಿನಗಳು ಎಷ್ಟು ದೀರ್ಘವೆಂಬುದನ್ನು ಕಂಡವರೇ ಬಲ್ಲರು. ತಡವಾಗಿ ಬಂದವನನ್ನು ದೂರುವ ಮುನ್ನ ಈ ಲೆಕ್ಕವನ್ನು ನೆನೆಯಬೇಕು. ಅದಕ್ಕಿಂತಲೂ ಮಿಗಿಲಾಗಿ, ಹಿರಿಯರಿಗೆ ಮಾತು ನಿಂತ ಮೇಲೆ ಕರೆಯುವ ಬದಲು, ಮಾತಾಡುವ ಶಕ್ತಿಯಿರುವಾಗಲೇ ಮಕ್ಕಳನ್ನು ಕರೆಯುವುದು ಲೇಸು.

ವಿಮಾನವು ತಿಂಗಳುಗಳನ್ನು ಗಂಟೆಗಳನ್ನಾಗಿ ಮಾಡಿದೆ, ನಿಜ. ಹೊರಡುವ ಹೊತ್ತನ್ನು ಆರಿಸುವ ವಿವೇಕ ಮಾತ್ರ ನಮ್ಮದಾಗಿಯೇ ಉಳಿದಿದೆ.