ಎರೆಮಣ್ಣು ಹೇಳುವ ಅನಿಲದ ಕಥೆ



ಸಿರುಗುಪ್ಪದ ಎರೆಹೊಲವನ್ನು ಬೇಸಿಗೆಯಲ್ಲಿ ನೋಡಿದ್ದೀರಲ್ಲವೇ? ಕೈ ತೂರುವಷ್ಟು ಅಗಲವಾಗಿ ನೆಲ ಬಿರಿದಿರುತ್ತದೆ. ಮಳೆ ಬಿದ್ದರೆ ಅದೇ ಮಣ್ಣು ನೀರು ಕುಡಿದು ಉಬ್ಬಿ, ಬಿರುಕು ಮುಚ್ಚಿಹೋಗುತ್ತದೆ. ಇದಕ್ಕೆ ಕಾರಣ ಮಾಂಟ್‌ಮೊರಿಲ್ಲೊನೈಟ್ ಗುಂಪಿನ ಜೇಡಿ ಖನಿಜ. ಪುಸ್ತಕದ ಹಾಳೆಗಳಂತೆ ಅದಕ್ಕೆ ಅತಿ ತೆಳುವಾದ ಪದರಗಳಿವೆ. ಒಂದೇ ಗ್ರಾಂ ಶುದ್ಧ ಖನಿಜದ ಪದರಗಳನ್ನೆಲ್ಲ ಬಿಡಿಸಿ ಲೆಕ್ಕ ಹಾಕಿದರೆ ಮೇಲ್ಮೈ ಸುಮಾರು 700 ಚದರ ಮೀಟರ್. ಅಂದರೆ ಐದು ಕಬಡ್ಡಿ ಅಂಕಣಗಳಿಗಿಂತ ಹೆಚ್ಚು!

ಈ ಮಣ್ಣಿಗೂ ನೈಸರ್ಗಿಕ ಅನಿಲಕ್ಕೂ ಏನು ಸಂಬಂಧ? ಕಡಲು, ಸರೋವರಗಳ ತಳದಲ್ಲಿ ಜೇಡಿಯೂ ಸತ್ತ ಪಾಚಿ, ಸಸ್ಯಗಳ ಅವಶೇಷವೂ ಒಟ್ಟಿಗೆ ಹೂತು ಗಟ್ಟಿಯಾದರೆ ಆಗುವ ಪದರಗಲ್ಲೇ ಶೇಲ್. ಆಳ ಹೆಚ್ಚಿದಂತೆ ಶಾಖವೂ ಹೆಚ್ಚುತ್ತದೆ. ಆಗ ಅವಶೇಷಗಳಿಂದ ಮೀಥೇನ್ ಹುಟ್ಟುತ್ತದೆ; ಉಬ್ಬುವ ಜೇಡಿ ನೀರು ಬಿಟ್ಟುಕೊಟ್ಟು ಇಲ್ಲೈಟ್ ಎಂಬ ಬೇರೆ ಖನಿಜವಾಗುತ್ತದೆ. ಹುಟ್ಟಿದ ಅನಿಲ ಅವಶೇಷಗಳ ಸೂಕ್ಷ್ಮ ರಂಧ್ರಗಳಲ್ಲಿ ಉಳಿಯುತ್ತದೆ. ಒಂದಿಷ್ಟು ಜೇಡಿ ಪದರಗಳ ಮೈಗೂ ಅಂಟಿಕೊಳ್ಳುತ್ತದೆ. ಆ ಮೈಯನ್ನು ನೀರು ಮೊದಲೇ ಹಿಡಿದುಕೊಂಡಿದ್ದರೆ ಅನಿಲಕ್ಕೆ ಜಾಗ ಕಡಿಮೆ.

ಇನ್ನು ಕುರುಗೋಡಿನ ಬೆಟ್ಟಕ್ಕೆ ಬನ್ನಿ. ಅಲ್ಲಿನ ಗ್ರಾನೈಟ್ ಕಲ್ಲಿನಲ್ಲಿ ಗಾಜಿನಂತೆ ಮಿನುಗುವ ಕಣವೇ ಕ್ವಾರ್ಟ್ಜ್. ಅದು ಒಡೆದೀತೇ ಹೊರತು ಬಾಗದು. ಶೇಲ್‌ನಲ್ಲಿ ಕ್ವಾರ್ಟ್ಜ್ ಹೆಚ್ಚಿದ್ದರೆ ಒತ್ತಡಕ್ಕೆ ಕಲ್ಲು ಸೀಳಿ ಅನಿಲಕ್ಕೆ ದಾರಿಯಾಗುತ್ತದೆ. ಜೇಡಿ ಅತಿಯಾದರೆ ಸೀಳು ಮತ್ತೆ ಮುಚ್ಚಿಕೊಳ್ಳುತ್ತದೆ. ಹಿಡಿದಿಡಲು ಜೇಡಿಯ ನೆರವು ಬೇಕು, ಬಿಟ್ಟುಕೊಡಲು ಕ್ವಾರ್ಟ್ಜ್ ಬೇಕು.

ಹಾಗಾದರೆ ಬಳ್ಳಾರಿಯ ಕೆಳಗೆ ಅನಿಲ ಇರಬೇಕಲ್ಲ ಎನ್ನುತ್ತೀರಾ? ಇಲ್ಲ. ಎರೆಮಣ್ಣು ಮೇಲಿನ ಹೊದಿಕೆ ಮಾತ್ರ. ಅದರಡಿಯ ಗ್ರಾನೈಟ್, ಕರಗಿದ ಶಿಲೆ ಕೋಟ್ಯಂತರ ವರ್ಷಗಳ ಹಿಂದೆ ಆಳದಲ್ಲಿ ತಣಿದು ಆದದ್ದು. ಅನಿಲ ಹುಟ್ಟಿಸುವ ಜೀವಾವಶೇಷ ಅದರಲ್ಲಿಲ್ಲ. ನಮ್ಮ ದೇಶದಲ್ಲಿ ಶೇಲ್ ಅನಿಲ ಕಂಡದ್ದು ಪಶ್ಚಿಮ ಬಂಗಾಳದ ದುರ್ಗಾಪುರದ ಬಳಿ. 2011ರ ಜನವರಿಯಲ್ಲಿ, ಓಎನ್‌ಜಿಸಿ ಕೊರೆದ ಬಾವಿಯಲ್ಲಿ, ಸುಮಾರು 1,700 ಮೀಟರ್ ಆಳದಲ್ಲಿ. ಅದು ಕಲ್ಲಿದ್ದಲಿನ ನಾಡು. ಅಲ್ಲಿ ಹೂತ ಕಾಡುಗಳ ಅವಶೇಷ ಹೇರಳ.

ಆದ್ದರಿಂದ, ನಿಮ್ಮ ಹೊಲದಡಿ ಗ್ಯಾಸ್ ಇದೆ, ಬೋರು ಕೊರೆಸಲು ಹಣ ಕೊಡಿ ಎಂದು ಯಾರಾದರೂ ಬಂದರೆ, ನಿಮ್ಮ ತಂದೆಯವರು ಜೇಬಿಗೆ ಕೈ ಹಾಕುವ ಮುನ್ನ ನೀವೊಂದು ಪ್ರಶ್ನೆ ಕೇಳಿ: "ಇಲ್ಲಿ ಪದರಗಲ್ಲು ಎಲ್ಲಿದೆ, ಸ್ವಾಮಿ?"